ಬೇಸಿಗೆಯ ಪ್ರಯಾಣವೂ ಕ್ಷೇಮಸಮಾಚಾರವೂ: ಕಲಬುರಗಿ ಸೀಮೆಯ ಒಂದು ಸಮೀಕ್ಷೆ

೧

ಕಲಬುರಗಿ ನಗರದಲ್ಲಿ ಐವಾನ್-ಎ-ಶಾಹಿ ಎಂಬ ಭವನವೊಂದಿದೆ. ಐವಾನ್ ಎಂದರೆ ಸಭಾಮಂದಿರ ಅಥವಾ ಅರಮನೆ. ಶಾಹಿ ಎಂದರೆ ರಾಜಸಂಬಂಧವಾದುದು. ಹೈದರಾಬಾದಿನ ನಿಜಾಮರು ಈ ಊರಿಗೆ ಬಂದಾಗ ಇಳಿದುಕೊಳ್ಳಲೆಂದು ಏರ್ಪಟ್ಟ ಈ ಭವನವು ಅನಂತರ ಸರ್ಕಾರದ ಅತಿಥಿಗೃಹವಾಯಿತು. ಸುತ್ತಲಿನ ಬಡಾವಣೆಗೂ ಅದರ ಹೆಸರೇ ನಿಂತಿದೆ. ಅರಸನು ಪ್ರಯಾಣ ಹೊರಟರೆ ಅವನ ಸುದ್ದಿಯು ಅವನಿಗಿಂತ ಮೊದಲೇ ಊರನ್ನು ಮುಟ್ಟುತ್ತಿದ್ದಿತು. ಅದಕ್ಕೆ ತಕ್ಕ ಆಳುಕಾಳುಗಳೂ ತಂತಿಯೂ ಟಪಾಲೂ ಅವನ ಕೈಯಲ್ಲಿದ್ದವು. ಆದರೆ ಅದೇ ಊರಿನಿಂದ ಮಗಳ ಮನೆಗೋ, ಜಾತ್ರೆಗೋ, ಕೂಲಿಗೋ ಹೊರಟ ಸಾಮಾನ್ಯನ ಕ್ಷೇಮಸಮಾಚಾರವು ಮನೆಯಲ್ಲಿ ಉಳಿದವರಿಗೆ ಹೇಗೆ ತಿಳಿಯುತ್ತಿದ್ದಿತು? ಅರಸರ ಪ್ರಯಾಣಗಳು ಇತಿಹಾಸದಲ್ಲಿ ದಾಖಲೆಯಾಗಿವೆ. ಈ ಎರಡನೆಯ ಪ್ರಶ್ನೆಯನ್ನು ಕೇಳಿದವರು ವಿರಳ. ಅದನ್ನು ಕುರಿತು ಸಂಕ್ಷೇಪವಾಗಿ ವಿಚಾರ ಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಈ ಸೀಮೆಯಲ್ಲಿ ಬೇಸಿಗೆಯೇ ಪ್ರಯಾಣದ ಕಾಲವೆಂಬುದನ್ನು ಮೊದಲಿಗೆ ಹೇಳಬೇಕು. ತೊಗರಿ ಜೋಳಗಳ ಸುಗ್ಗಿ ಮುಗಿದ ಮೇಲೆ ಮುಂಗಾರು ಮಳೆ ಬೀಳುವ ತನಕ ಒಣಬೇಸಾಯದ ಹೊಲದಲ್ಲಿ ಹೆಚ್ಚಿನ ಕೆಲಸವಿರುವುದಿಲ್ಲ. ಹೋಳಿಹುಣ್ಣಿಮೆಯಾದ ಐದನೆಯ ದಿನ ಶರಣಬಸವೇಶ್ವರರ ರಥೋತ್ಸವ, ಆಮೇಲೆ ಯುಗಾದಿ, ವೈಶಾಖದಲ್ಲಿ ಮದುವೆಗಳು, ಶಾಲೆಗಳಿಗೆ ರಜೆ, ಮಕ್ಕಳನ್ನು ಕರೆದುಕೊಂಡು ತವರಿಗೆ ಬರುವ ಹೆಣ್ಣುಮಕ್ಕಳು. ಖ್ವಾಜಾ ಬಂದೇನವಾಜರ ಉರುಸು ಚಾಂದ್ರಮಾನದ ಹಿಜರಿ ತಿಂಗಳನ್ನು ಅನುಸರಿಸುವುದರಿಂದ ಅದು ಕೆಲವು ವರ್ಷಗಳಲ್ಲಿ ಬೇಸಿಗೆಗೇ ಬರುತ್ತದೆ. ಹೀಗೆ ಬಿಸಿಲು ನಲವತ್ತು ಡಿಗ್ರಿ ಸೆಲ್ಸಿಯಸ್ಸನ್ನು ದಾಟುವ ದಿನಗಳಲ್ಲಿಯೇ ಜನ ದಾರಿ ಹಿಡಿಯುತ್ತಾರೆ. ನೀರಿನ ಅಭಾವ, ಬಿಸಿಲಿನ ಹೊಡೆತ, ವಾಂತಿಭೇದಿಯ ಭಯ ಇವೆಲ್ಲ ಇದ್ದ ಕಾಲದಲ್ಲಿ, ಹೋದವರು ಸುಖವಾಗಿ ಮುಟ್ಟಿದರೇ ಎಂಬುದು ಮನೆಯವರಿಗೆ ಬರಿಯ ಕುತೂಹಲದ ವಿಷಯವಾಗಿರಲಿಲ್ಲ. ಹೊರಡುವವರಿಗೆ ಬಾಗಿಲಲ್ಲಿ ನಿಂತ ಹಿರಿಯರು ಹೇಳುತ್ತಿದ್ದ ಕಡೆಯ ಮಾತು, “ಮುಟ್ಟಿದ ಮ್ಯಾಲ ಕಾಗದಾ ಹಾಕ್ರಿ” ಎಂಬುದು. ಈ ‘ಮುಟ್ಟಿದ ಕಾಗದ’ದ ಚರಿತ್ರೆಯೇ ನಮ್ಮ ವಿಷಯ.

೨

ಕ್ರಿ.ಶ. ೧೩೪೭ರಲ್ಲಿ ಬಹಮನಿ ರಾಜ್ಯವು ತಲೆಯೆತ್ತಿ ಕಲಬುರಗಿ ಅದರ ರಾಜಧಾನಿಯಾಯಿತು. ಅದಕ್ಕೆ ಸ್ವಲ್ಪ ಮುಂಚೆ ದೆಹಲಿಯ ಮಹಮ್ಮದ್ ಬಿನ್ ತುಘಲಕನ ಆಳಿಕೆಯಲ್ಲಿ ಭಾರತಕ್ಕೆ ಬಂದಿದ್ದ ಇಬ್ನ್ ಬತೂತನು ಅಂದಿನ ಟಪಾಲಿನ ವ್ಯವಸ್ಥೆಯನ್ನು ವರ್ಣಿಸಿದ್ದಾನೆ. ಕುದುರೆಯ ಟಪಾಲಿಗಿಂತ ಕಾಲಾಳಿನ ಟಪಾಲೇ ವೇಗವಾದುದೆಂದೂ, ಓಟಗಾರನು ಒಂದು ಕೈಯಲ್ಲಿ ಪತ್ರವನ್ನೂ ಇನ್ನೊಂದು ಕೈಯಲ್ಲಿ ತಾಮ್ರದ ಗೆಜ್ಜೆಗಳನ್ನು ಕಟ್ಟಿದ ಕೋಲನ್ನೂ ಹಿಡಿದು ಓಡುತ್ತಿದ್ದನೆಂದೂ, ಗೆಜ್ಜೆಯ ಸದ್ದು ಕೇಳಿದೊಡನೆ ಮುಂದಿನ ಠಾಣೆಯವನು ಸಿದ್ಧನಾಗುತ್ತಿದ್ದನೆಂದೂ ಅವನ ಬರವಣಿಗೆಯಿಂದ ತಿಳಿಯುತ್ತದೆ. ಸುಲ್ತಾನನು ದೌಲತಾಬಾದಿನಲ್ಲಿದ್ದಾಗ ನಲವತ್ತು ದಿನಗಳ ದಾರಿಯಿಂದ ಅವನಿಗೆ ಕುಡಿಯಲು ಗಂಗೆಯ ನೀರು ಬರುತ್ತಿದ್ದಿತಂತೆ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಆ ಓಟಗಾರನು ಹೊತ್ತದ್ದು ಪ್ರಭುವಿನ ಆಜ್ಞೆಯನ್ನೂ ಪ್ರಭುವಿನ ಬಾಯಾರಿಕೆಗೆ ಬೇಕಾದುದನ್ನೂ. ಪ್ರಜೆಯ ಮನೆಯ ಕಾಗದವನ್ನು ಒಯ್ಯುವುದು ಅವನ ಕರ್ತವ್ಯವಾಗಿರಲಿಲ್ಲ.

ಹಾಗೆಂದು ಆ ಕಾಲದವರು ದೂರದ ಬಂಧುಮಿತ್ರರಿಗೆ ಬರೆಯುತ್ತಿರಲಿಲ್ಲವೆಂದು ಭಾವಿಸಬಾರದು. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ದೆಹಲಿಯನ್ನು ಬಿಟ್ಟು ಹೊರಟು ಕಲಬುರಗಿಗೆ ಬಂದು ನೆಲಸಿ ೧೪೨೨ರಲ್ಲಿ ಇಲ್ಲಿಯೇ ತೀರಿಕೊಂಡ ಖ್ವಾಜಾ ಬಂದೇನವಾಜ್ ಗೇಸುದರಾಜರ ಪಾರಸಿ ಪತ್ರಗಳ ಸಂಕಲನವೊಂದು ಉಳಿದು ಬಂದಿದೆ. ರಾಜಧಾನಿಯು ಬೀದರಿಗೆ ಹೋದ ಮೇಲೆ ಬಹಮನಿಗಳ ಮಂತ್ರಿಯಾಗಿದ್ದ ಮಹಮೂದ್ ಗವಾನನ ‘ರಿಯಾಜ್-ಉಲ್-ಇನ್ಶಾ’ದಲ್ಲಿ ರಾಜಕೀಯ ಪತ್ರಗಳ ಜೊತೆಗೆ, ಅವನು ತನ್ನ ಮಕ್ಕಳಿಗೂ ಬಂಧುಗಳಿಗೂ ಬರೆದ ಪತ್ರಗಳೂ ಸೇರಿವೆ. ಕಾಸ್ಪಿಯನ್ ಸಮುದ್ರದ ದಂಡೆಯ ಗೀಲಾನಿನಲ್ಲಿ ಹುಟ್ಟಿದ ಆತನು ದಖ್ಖನದಲ್ಲಿ ಕುಳಿತು ತನ್ನವರಿಗೆ ಬುದ್ಧಿ ಹೇಳಿದ ರೀತಿಯನ್ನು ಅವುಗಳಲ್ಲಿ ನೋಡಬಹುದು. ಆದರೆ ಇವೆಲ್ಲ ಗುರುವಿನ, ಮಂತ್ರಿಯ ಪತ್ರಗಳು. ಅಂಥವರ ಕಾಗದವನ್ನು ಜೋಪಾನ ಮಾಡಿಡಲು ಶಿಷ್ಯರೂ ಲಿಪಿಕಾರರೂ ಇದ್ದರು. ಸಾಮಾನ್ಯನ ಸುದ್ದಿಯಾದರೋ ಮುಖವಚನವಾಗಿ, ಯಾತ್ರಿಕರ, ವ್ಯಾಪಾರಿಗಳ, ಬಳೆಗಾರರ ಬಾಯಿಂದ ಬಾಯಿಗೆ ಸಾಗುತ್ತಿದ್ದಿತೆಂದು ಊಹಿಸಬೇಕು. ‘ಹೇಳಿ ಕಳಿಸು’ ಎಂಬ ನಮ್ಮ ನಿತ್ಯದ ಮಾತಿನಲ್ಲಿ ಆ ಪದ್ಧತಿಯ ನೆನಪು ಇಂದಿಗೂ ಇದೆ.

ಕನ್ನಡ ನಾಡಿನ ದಕ್ಷಿಣ ಭಾಗದಲ್ಲಿ ಚಿಕ್ಕದೇವರಾಜ ಒಡೆಯರು ೧೬೭೨ರಲ್ಲಿ ಅಂಚೆಯ ಇಲಾಖೆಯನ್ನು ಸ್ಥಾಪಿಸಿದರೆಂಬುದು ಪ್ರಸಿದ್ಧವಾಗಿದೆ. ನಮ್ಮ ಸೀಮೆಯಲ್ಲಿ ‘ಅಂಚೆ’ ಎಂಬ ಮಾತು ಪುಸ್ತಕದ್ದು. ಜನರು ಬಳಸಿದ ಮಾತು ‘ಟಪಾಲು’. ಒಂದೇ ವಸ್ತುವಿಗೆ ಎರಡು ಹೆಸರುಗಳಿರುವುದು ಎರಡು ಆಡಳಿತಗಳ ಗುರುತು.

೩

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪರಿಸ್ಥಿತಿ ಬದಲಾಯಿತು. ಬದಲಾವಣೆಯ ಹೊಸ್ತಿಲಲ್ಲಿ ನಿಂತ ವ್ಯಕ್ತಿಯೊಬ್ಬನನ್ನು ಇಲ್ಲಿ ನೆನೆಯಬಹುದು. ನಿಜಾಮರ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರನು ೧೮೪೦ರ ದಶಕದ ಆರಂಭದಿಂದ ೧೮೫೩ರವರೆಗೆ ಸುರಪುರದಲ್ಲಿದ್ದನು. ಇಂಗ್ಲೆಂಡಿನಲ್ಲಿದ್ದ ತನ್ನ ಬಂಧು ಹೆನ್ರಿ ರೀವನಿಗೆ ಅವನು ಬರೆದ ಪತ್ರಗಳು ೧೯೪೭ರಲ್ಲಿ ಪುಸ್ತಕರೂಪವಾಗಿ ಪ್ರಕಟವಾದವು. ಸುರಪುರದಿಂದ ಹೊರಟ ಕಾಗದವು ಮುಂಬಯಿಯನ್ನು ಸೇರಿ, ಹಡಗಿನಲ್ಲಿ ಕೆಂಪು ಸಮುದ್ರವನ್ನು ದಾಟಿ, ಈಜಿಪ್ಟಿನ ನೆಲದಾರಿಯನ್ನು ಹಾಯ್ದು, ಮತ್ತೆ ಹಡಗನ್ನೇರಿ ಹೋಗಬೇಕಾಗಿದ್ದ ಕಾಲವದು. ಸೂಯೆಜ್ ಕಾಲುವೆ ತೆರೆದದ್ದು ೧೮೬೯ರಲ್ಲಿ. ಇಷ್ಟು ದೂರದ ನಂಟಿಗೂ ಅವನಿಗೆ ಒಂದು ಏರ್ಪಾಡು ಇದ್ದಿತು. ಅದೇ ಸುರಪುರದ ಬೇಡರ ಮನೆಯವನೊಬ್ಬನು ಹತ್ತು ಹರದಾರಿ ದೂರ ಹೋದರೆ ಅವನ ಸುದ್ದಿಗೆ ಅಂಥ ಏರ್ಪಾಡು ಇರಲಿಲ್ಲ.

ಬ್ರಿಟಿಷ್ ಭಾರತದಲ್ಲಿ ೧೮೫೪ರ ಅಕ್ಟೋಬರಿನಿಂದ, ದೂರವೆಷ್ಟೇ ಇರಲಿ, ಹಗುರವಾದ ಕಾಗದಕ್ಕೆ ಅರ್ಧ ಆಣೆಯ ಏಕರೂಪದ ದರವು ಜಾರಿಗೆ ಬಂದಿತು. ೧೮೭೯ರ ಜುಲೈ ೧ರಂದು ಕಾಲಾಣೆಯ, ಎಂದರೆ ಒಂದು ಪೈಸೆಯ ಕಾರ್ಡು ಬಂದಿತು. ಇವೆರಡರ ನಡುವೆ ರೈಲು ಬಂದಿತು. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುದಾರಿಯು ಸೊಲ್ಲಾಪುರ, ಕಲಬುರಗಿ, ವಾಡಿಗಳನ್ನು ಹಾಯ್ದು ೧೮೭೧ರಲ್ಲಿ ರಾಯಚೂರಿನಲ್ಲಿ ಮದರಾಸಿನ ದಾರಿಯನ್ನು ಕೂಡಿತು. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ತೆರೆಯಿತು. ೧೮೮೦ರ ದಶಕದಲ್ಲಿ ಹೋಟಗಿಯಿಂದ ವಿಜಯಪುರದ ಮೇಲೆ ಗದಗಿಗೆ ಸಣ್ಣ ಹಳಿಯ ದಾರಿಯಾಯಿತು. ಕಲಬುರಗಿಯ ತಾಯಿಯು ಧಾರವಾಡದ ಮಗಳನ್ನು ನೋಡಲು ಹೋಟಗಿಯಲ್ಲಿ ಗಾಡಿ ಬದಲಿಸಿ ಹೋಗಬಹುದಾಯಿತು. ಆಕೆಗಿಂತ ಮುಂದಾಗಿ ಆಕೆಯ ಬರವನ್ನು ತಿಳಿಸುವ ಕಾರ್ಡೂ ಅದೇ ದಾರಿಯಲ್ಲಿ ಹೋಗಬಹುದಾಯಿತು. ಅರಸನ ಸುದ್ದಿಯಂತೆ ಸಾಮಾನ್ಯನ ಸುದ್ದಿಯೂ ಅವನಿಗಿಂತ ಮುಂದೆ ಹೋಗತೊಡಗಿದ್ದು ಇಲ್ಲಿಂದ.

೪

ಆದರೆ ಕಲಬುರಗಿ ಸೀಮೆಯಲ್ಲಿ ಈ ಸೌಕರ್ಯವು ಬೇರೆಡೆಗಳಂತೆ ಸರಳವಾಗಿರಲಿಲ್ಲ. ಮೈಸೂರು ಸಂಸ್ಥಾನವು ತನ್ನ ಅಂಚೆಯನ್ನು ೧೮೮೯ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ಸೇರಿಸಿಬಿಟ್ಟಿತು. ಹೈದರಾಬಾದ್ ಸಂಸ್ಥಾನವಾದರೋ ೧೮೬೯ರಲ್ಲಿ ತನ್ನದೇ ಆದ ಟಪಾಲು ಚೀಟಿಯನ್ನು ಹೊರಡಿಸಿ, ೧೯೫೦ರ ಏಪ್ರಿಲ್ ೧ರವರೆಗೆ ಟಪಾಲಿನ ಇಲಾಖೆಯನ್ನು ಪ್ರತ್ಯೇಕವಾಗಿ ನಡೆಸಿತು. ನಿಜಾಮರ ಚೀಟಿಗೆ ಸಂಸ್ಥಾನದ ಒಳಗಷ್ಟೇ ಬೆಲೆ. ಎಲ್ಲೆಯನ್ನು ದಾಟಿ ಹೋಗುವ ಕಾಗದಕ್ಕೆ ಬ್ರಿಟಿಷ್ ಭಾರತದ ಚೀಟಿಯೇ ಬೇಕು. ನಾಣ್ಯದ ವಿಷಯವೂ ಹೀಗೆಯೇ: ಸಂಸ್ಥಾನದ ‘ಹಾಲಿ ಸಿಕ್ಕಾ’ ಬೇರೆ, ಬ್ರಿಟಿಷರ ‘ಕಲ್ದಾರ್’ ಬೇರೆ, ಸುಮಾರಾಗಿ ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ರೂಪಾಯಿ.

ಇದರ ಪರಿಣಾಮವನ್ನು ತಿಳಿಯಲು ಭೀಮಾ ನದಿಯ ದಂಡೆಯಲ್ಲಿ ನಿಂತು ನೋಡಬೇಕು. ನದಿಯ ಈಚೆಗೆ ಅಫಜಲಪುರ ತಾಲ್ಲೂಕು, ನಿಜಾಮರದು. ಆಚೆಗೆ ಇಂಡಿ ತಾಲ್ಲೂಕು, ಮುಂಬಯಿ ಪ್ರಾಂತದ್ದು. ಎರಡೂ ದಂಡೆಗಳಲ್ಲಿ ಆಡುವುದು ಒಂದೇ ಕನ್ನಡ, ಉಣ್ಣುವುದು ಒಂದೇ ಜೋಳದ ರೊಟ್ಟಿ, ಕೊಟ್ಟು ತರುವ ಹೆಣ್ಣುಗಂಡುಗಳ ಸಂಬಂಧವೂ ಉಂಟು. ಬೇಸಿಗೆಯಲ್ಲಿ ಹೊಳೆಯ ನೀರು ಇಳಿದಾಗ ನಡೆದೇ ದಾಟಬಹುದಾದ ಕಡೆಗಳಿರುತ್ತವೆ. ಆದರೂ ಈಚೆ ದಂಡೆಯ ಅಣ್ಣನು ಆಚೆ ದಂಡೆಯ ತಂಗಿಗೆ ಕ್ರಮವಾಗಿ ಕಾಗದ ಹಾಕಬೇಕೆಂದರೆ ಅದು ಪರರಾಜ್ಯದ ಕಾಗದವಾಗುತ್ತಿದ್ದಿತು. ನೂರಾರು ಮೈಲಿ ದೂರದ ಔರಂಗಾಬಾದಿಗೆ ಹೋಗುವ ಕಾಗದವು ಸ್ವರಾಜ್ಯದ್ದು; ಕಣ್ಣಿಗೆ ಕಾಣುವ ಎದುರು ದಂಡೆಗೆ ಹೋಗುವುದು ಪರರಾಜ್ಯದ್ದು. ಸೊಲ್ಲಾಪುರದ ದಾರಿಯಲ್ಲಾದರೋ ಅಕ್ಕಲಕೋಟೆಯ ಸಂಸ್ಥಾನವು ಮತ್ತೊಂದು ತುಂಡಾಗಿ ನಡುವೆ ಇದ್ದಿತು. ಚೀಟಿ ತಪ್ಪಿದರೆ ಕಾಗದವು ‘ಬೇರಿಂಗ್’ ಆಗಿ, ಪಡೆಯುವವರು ಇಮ್ಮಡಿ ದುಡ್ಡನ್ನು ತೆತ್ತು ಬಿಡಿಸಿಕೊಳ್ಳಬೇಕಾಗುವ ಭಯವೂ ಇದ್ದಿತು.

ಲಿಪಿಯ ತೊಡಕನ್ನೂ ಇದರೊಡನೆ ಎಣಿಸಬೇಕು. ಸಂಸ್ಥಾನದ ಆಡಳಿತಭಾಷೆಯು ೧೮೮೦ರ ದಶಕದವರೆಗೆ ಪಾರಸಿ, ಆಮೇಲೆ ಉರ್ದು. ಲೆಕ್ಕಪತ್ರಗಳಲ್ಲಿ ಮೋಡಿ ಲಿಪಿಯ ರೂಢಿ ಬಹಳ. ಮನೆಯ ಮಾತು ಕನ್ನಡ. ಒಳಗಿನ ಒಕ್ಕಣೆಯು ಒಂದು ಲಿಪಿಯಲ್ಲಿಯೂ ಮೇಲಿನ ವಿಳಾಸವು ಇನ್ನೊಂದರಲ್ಲಿಯೂ ಇರಬೇಕಾದ ಪ್ರಸಂಗಗಳು ಇಂಥಲ್ಲಿ ಸಹಜವಾಗಿದ್ದವು. ಹೃದಯದ ಮಾತು ತನ್ನ ಭಾಷೆಯಲ್ಲಿ, ದಾರಿಯ ಮಾತು ದೊರೆಯ ಭಾಷೆಯಲ್ಲಿ.

ಕರ್ನಾಟಕದ ಏಕೀಕರಣದ ಚರಿತ್ರೆಯನ್ನು ಬರೆಯುವವರು ಸಭೆ, ಸಮ್ಮೇಲನ, ಆಯೋಗ, ನಿರ್ಣಯಗಳನ್ನು ಹೇಳುತ್ತಾರೆ, ಹೇಳತಕ್ಕದ್ದೇ ಸರಿ. ಆದರೆ ೧೯೫೬ರ ನವೆಂಬರ್ ೧ಕ್ಕೆ ಮುಂಚೆ ಮೂರು ತಲೆಮಾರುಗಳ ಕಾಲ ಎರಡು ನಾಣ್ಯ, ಎರಡು ಚೀಟಿ, ಮೂರು ಲಿಪಿಗಳ ತೊಡಕನ್ನು ಸಹಿಸಿಕೊಂಡು ಅತ್ತಿಗೆ ನಾದಿನಿಯರು, ಬೀಗರು, ಸ್ನೇಹಿತರು ಆ ಎಲ್ಲೆಯನ್ನು ಕಾಗದದ ಮೂಲಕ ದಾಟುತ್ತಲೇ ಇದ್ದರೆಂಬುದೂ ಆ ಚರಿತ್ರೆಯ ಒಂದು ಭಾಗವೇ. ನಕ್ಷೆಯಲ್ಲಿ ಒಂದಾಗುವ ಮೊದಲು ನಾಡು ನೆಂಟಸ್ತಿಕೆಯಲ್ಲಿ ಒಂದಾಗಿ ಉಳಿದಿದ್ದಿತು.

೫

ಆ ಕಾಗದಗಳ ಸ್ವರೂಪವನ್ನು ಕುರಿತು ಎರಡು ಮಾತು. ಹಿರಿಯರಿಗೆ ‘ತೀರ್ಥರೂಪ’, ಕಿರಿಯರಿಗೆ ‘ಚಿರಂಜೀವಿ’ ಎಂಬ ಸಂಬೋಧನೆ. ‘ಇತ್ತ ಕಡೆ ಎಲ್ಲರೂ ಕ್ಷೇಮ, ಅತ್ತ ಕಡೆಯ ಕ್ಷೇಮಕ್ಕೆ ಬರೆಯುವುದು’ ಎಂಬ ಒಕ್ಕಣೆ. ಅನಂತರ ಮಳೆ, ಧಾರಣೆ, ಬಾಣಂತನ, ಸಾಲ, ಸಂಬಂಧಗಳ ವಿಷಯ. ಈ ಆರಂಭವು ಅರ್ಥವಿಲ್ಲದ ಸಂಪ್ರದಾಯವೆಂದು ಕೆಲವರು ಹಾಸ್ಯ ಮಾಡುವುದುಂಟು. ವಿಚಾರಿಸಿದರೆ ಕಾರ್ಡಿನ ಮುಖ್ಯ ಪ್ರಯೋಜನವೇ ಆ ಮೊದಲ ಸಾಲಿನಲ್ಲಿದ್ದಿತು. ಓದು ಬಾರದ ತಾಯಿಗೆ ಇನ್ನೊಬ್ಬರು ಓದಿ ಹೇಳುವಾಗ, ಮೊದಲ ಉಸಿರಿನಲ್ಲಿಯೇ ಕ್ಷೇಮವು ತಿಳಿಯಬೇಕು. ಒಕ್ಕಣೆ ಗೊತ್ತಾದುದೇ ಆದ್ದರಿಂದ ಅದು ತಪ್ಪಿದರೆ ಅನಾಹುತವೆಂದು ಕೇಳುವವರು ಒಡನೆ ತಿಳಿಯುತ್ತಿದ್ದರು.

ಓದುವುದಕ್ಕೂ ಮುಂಚೆ ಕಾಗದವೇ ಮಾತನಾಡುತ್ತಿದ್ದಿತು. ಅಂಚಿಗೆ ಅರಿಶಿನ ಕುಂಕುಮ ಹಚ್ಚಿದ್ದರೆ ಶುಭವಾರ್ತೆ. ಮೂಲೆ ಹರಿದಿದ್ದರೆ ಮರಣವಾರ್ತೆ. ಮರಣದ ಕಾರ್ಡನ್ನು ಓದಿದ ಕೂಡಲೆ ಹರಿದುಹಾಕಬೇಕು, ಮನೆಯೊಳಗೆ ಇಡಬಾರದೆಂಬುದು ರೂಢಿ. ಉಳಿದವನ್ನು ಕೊಂಕಿಯುಳ್ಳ ತಂತಿಗೆ ಚುಚ್ಚಿ ಗೋಡೆಗೆ ತೂಗುಹಾಕುತ್ತಿದ್ದರು. ಆದಕಾರಣ ನಮಗೆ ದೊರೆಯುವ ಕಾಗದಗಳಲ್ಲಿ ಬಾಳಿನ ಒಂದು ಪಾಲು ಯಾವಾಗಲೂ ಇರುವುದಿಲ್ಲ. ಈ ಆಧಾರಗಳನ್ನು ಬಳಸುವ ಸಂಶೋಧಕನು ನೆನಪಿಡಬೇಕಾದ ಸಂಗತಿಯಿದು: ಮನೆಯ ತಂತಿಯಲ್ಲಿ ಮದುವೆಗಳು ಉಳಿಯುತ್ತವೆ, ಸಾವುಗಳು ಉಳಿಯುವುದಿಲ್ಲ.

೬

ಈ ಸಂಬಂಧಸೂತ್ರವು ಹರಿದುಹೋದ ಬೇಸಿಗೆಯೊಂದುಂಟು. ಅದು ೧೯೪೮ರ ಬೇಸಿಗೆ. ಭಾರತವು ೧೯೪೭ರ ಆಗಸ್ಟ್ ೧೫ರಂದು ಸ್ವತಂತ್ರವಾದಾಗ ಹೈದರಾಬಾದ್ ಸಂಸ್ಥಾನವು ಒಕ್ಕೂಟಕ್ಕೆ ಸೇರಲಿಲ್ಲ. ಅದೇ ನವೆಂಬರ್ ೨೯ರಂದು ಒಂದು ವರ್ಷದ ಮಟ್ಟಿಗೆ ಯಥಾಸ್ಥಿತಿ ಒಪ್ಪಂದವಾಯಿತು. ಆದರೆ ರಜಾಕಾರರ ಹಾವಳಿಯಿಂದ ಅನೇಕ ಕುಟುಂಬಗಳು ಊರು ಬಿಟ್ಟು ಸೊಲ್ಲಾಪುರ, ವಿಜಯಪುರ, ಗದಗಗಳ ಕಡೆಗೆ ಹೋದವು. ಗಡಿಯುದ್ದಕ್ಕೂ ಹೋರಾಟಗಾರರ ಶಿಬಿರಗಳೆದ್ದವು. ಮುಂಬಯಿ ಮದರಾಸುಗಳ ನಡುವಣ ರೈಲುದಾರಿಯು ಸಂಸ್ಥಾನದ ನೆಲದ ಮೇಲೆಯೇ ಹಾಯ್ದು ಹೋಗುತ್ತಿದ್ದಿತಷ್ಟೆ. ೧೯೪೮ರ ಮೇ ೨೨ರಂದು, ನೆಂಟರ ಮನೆಗೆ ಹೋಗುವವರು ಬರುವವರು ಗಾಡಿಗಳಲ್ಲಿ ತುಂಬಿರುವ ದಿನಗಳಲ್ಲಿ, ಕಲಬುರಗಿಗೂ ಸೊಲ್ಲಾಪುರಕ್ಕೂ ನಡುವೆ ಇರುವ ಗಾಣಗಾಪುರ ನಿಲ್ದಾಣದಲ್ಲಿ ಮೇಲ್ ಗಾಡಿಯ ಮೇಲೆ ದಾಳಿ ನಡೆಯಿತು. ಅಂದಿನ ಸರ್ಕಾರಿ ದಾಖಲೆಗಳಲ್ಲಿ ಈ ನಿಲ್ದಾಣದ ಹೆಸರು ಗಂಗಾಪುರ ಎಂದಿದೆ. ಈ ದಾಳಿಯು ಭಾರತ ಸರ್ಕಾರದ ಮತ್ತು ಸಂಸ್ಥಾನದ ನಡುವಣ ವಿವಾದದಲ್ಲಿ ಮುಖ್ಯವಾದ ಸಂಗತಿಯಾಯಿತು.

ರಾಜಕೀಯ ಇತಿಹಾಸದಲ್ಲಿ ಈ ಘಟನೆಗೆ ಒಂದು ಪಂಕ್ತಿಯ ಸ್ಥಾನವಿದೆ. ಮನೆಗಳ ಇತಿಹಾಸದಲ್ಲಿ ಅದರ ಅರ್ಥ ಬೇರೆ. ಎಪ್ಪತ್ತೇಳು ವರ್ಷಗಳಿಂದ ಕಾರ್ಡನ್ನೂ ಮಗಳನ್ನೂ ಹೊತ್ತು ತರುತ್ತಿದ್ದ ದಾರಿಯೇ ಭಯದ ದಾರಿಯಾಯಿತು. ಹೊರಟವರು ಮುಟ್ಟಿದರೋ ಇಲ್ಲವೋ ಎಂಬ ಹಳೆಯ ಪ್ರಶ್ನೆಯು ಹಳೆಯ ತೀಕ್ಷ್ಣತೆಯೊಡನೆ ಹಿಂತಿರುಗಿತು. ಸೆಪ್ಟೆಂಬರ್ ೧೩ರಂದು ಸೈನಿಕ ಕಾರ್ಯಾಚರಣೆ ಆರಂಭವಾಗಿ ೧೭ರಂದು ನಿಜಾಮರು ಶರಣಾದರು. ಅದರ ಬೆನ್ನಿಗೇ ನಡೆದ ಹಿಂಸೆಯಲ್ಲಿ ಮುಸಲ್ಮಾನ ಕುಟುಂಬಗಳು ಬಹಳ ನೊಂದವು. ಸುಂದರಲಾಲ್ ಸಮಿತಿಯು ಹೆಚ್ಚು ಹಾನಿಗೊಳಗಾದ ಜಿಲ್ಲೆಗಳಲ್ಲಿ ಕಲಬುರಗಿ, ಬೀದರಗಳನ್ನೂ ಹೆಸರಿಸಿದೆ. ಬಾರದ ಕಾಗದಕ್ಕಾಗಿ ಕಾದ ಮನೆಗಳು ಹೀಗೆ ಎರಡು ಕಡೆಗಳಲ್ಲಿಯೂ ಇದ್ದವು. ಅವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ನೋಡುವುದು ಇತಿಹಾಸಕಾರನ ಧರ್ಮ.

೭

೧೯೫೦ರಲ್ಲಿ ಟಪಾಲು ಒಂದಾಯಿತು. ೧೯೫೬ರಲ್ಲಿ ರಾಜ್ಯ ಒಂದಾಯಿತು. ೧೯೫೯ರ ಹೊತ್ತಿಗೆ ಹಾಲಿ ಸಿಕ್ಕಾ ಚಲಾವಣೆಯಿಂದ ಹೋಯಿತು. ಇಂಡಿಗೆ ಹೋಗುವ ಕಾಗದವು ಸ್ವರಾಜ್ಯದ ಕಾಗದವಾಯಿತು. ಆದರೆ ಬೇಸಿಗೆಯ ಪ್ರಯಾಣವು ನಿಲ್ಲಲಿಲ್ಲ; ಅದರಲ್ಲಿ ಕೂಲಿಯ ಪಾಲು ದೊಡ್ಡದಾಯಿತು. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ದಾರಿಯಲ್ಲಿ ಕೆಂಬಾಳೆಹಣ್ಣಿಗೆ ಹೆಸರಾದ ಕಮಲಾಪುರವಿದೆ. ಅದರ ಸುತ್ತಣ ಹಳ್ಳಿ ತಾಂಡಾಗಳಿಂದ ಸುಗ್ಗಿಯಾದ ಮೇಲೆ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋಗುವವರು ಬಹಳ. ರಜೆಯ ಪ್ರಯಾಣಕ್ಕೂ ಇದಕ್ಕೂ ಕಾಲ ಒಂದೇ, ಕಾರಣ ಬೇರೆ.

ಈ ಜನರಲ್ಲಿ ಬರೆಯಲು ಬಲ್ಲವರು ಕಡಮೆಯಾಗಿದ್ದ ದಶಕಗಳಲ್ಲಿ ಕಾಗದದ ಕೆಲಸವನ್ನು ಮಾಡಿದ್ದು ಮನಿಯಾರ್ಡರು. ಹಣ ಬಂದಿತೆಂದರೆ ಮಗನು ಬದುಕಿದ್ದಾನೆ, ಕೆಲಸ ಸಿಕ್ಕಿದೆ ಎಂದು ಅರ್ಥ. ಹಣವನ್ನು ಪಡೆದ ತಾಯಿಯು ಒತ್ತಿದ ಹೆಬ್ಬೆಟ್ಟಿನ ಗುರುತುಳ್ಳ ರಸೀದಿಯು ಮರಳಿ ಮಗನ ಕೈ ಸೇರುತ್ತಿದ್ದಿತು. ಇಲಾಖೆಗೆ ಅದು ಹಣ ಸಂದಾಯವಾದುದಕ್ಕೆ ಸಾಕ್ಷಿ. ಮಗನಿಗೆ ಅದು ತಾಯಿಯ ಕ್ಷೇಮಪತ್ರ. ಅಕ್ಷರವಿಲ್ಲದ ಇಬ್ಬರ ನಡುವೆ ನಡೆದ ಈ ಪತ್ರವ್ಯವಹಾರವನ್ನು ನಮ್ಮ ಸಾಮಾಜಿಕ ಇತಿಹಾಸವು ಅಲಕ್ಷಿಸಬಾರದು.

ಮುಂದಿನ ಬದಲಾವಣೆಗಳು ವಾಚಕರಿಗೆ ತಿಳಿದವೇ. ದೂರವಾಣಿಯ ಅಂಗಡಿಗಳು ಬಂದು ಹೋದವು, ಕೈಫೋನು ಬಂದಿತು. ಮುಟ್ಟಿದ ಮೇಲೆ ಒಂದು ‘ಮಿಸ್ಡ್ ಕಾಲ್’ ಕೊಟ್ಟರೆ ಸಾಕೆಂದು ಹೇಳುವ ಕಾಲ ಬಂದಿತು. ಕಾಸಿಲ್ಲದೆ ಕ್ಷೇಮವನ್ನು ತಿಳಿಸುವ ಈ ಉಪಾಯವು ಕಾಲಾಣೆಯ ಕಾರ್ಡಿನ ನಿಜವಾದ ವಾರಸುದಾರ. ೨೦೧೩ರ ಜುಲೈ ತಿಂಗಳಲ್ಲಿ ತಂತಿಯ ಸೇವೆ ನಿಂತಿತು. ೨೦೧೭ರ ಅಕ್ಟೋಬರಿನಲ್ಲಿ ಬೀದರ ಕಲಬುರಗಿಗಳ ನಡುವಣ ರೈಲುದಾರಿಯ ಉದ್ಘಾಟನೆಯಾಗಿ, ಮುಖ್ಯ ದಾರಿಯು ಕಲಬುರಗಿಯನ್ನು ಮುಟ್ಟಿದ ಸುಮಾರು ಒಂದೂವರೆ ಶತಮಾನದ ಮೇಲೆ, ಕಮಲಾಪುರದಲ್ಲಿಯೂ ಗಾಡಿ ನಿಲ್ಲುವಂತಾಯಿತು.

ಆದರೆ ೨೦೨೦ರ ಬೇಸಿಗೆಯು ೧೯೪೮ನ್ನು ಮತ್ತೊಂದು ರೀತಿಯಲ್ಲಿ ನೆನಪಿಗೆ ತಂದಿತು. ಭಾರತದಲ್ಲಿ ಕೋವಿಡ್‌ನಿಂದಾದ ಮೊದಲನೆಯದೆಂದು ದಾಖಲಾದ ಮರಣವು ಆ ಮಾರ್ಚಿಯಲ್ಲಿ ಕಲಬುರಗಿಯವರೊಬ್ಬರದಾಯಿತು. ಮಾರ್ಚ್ ೨೫ರಿಂದ ದೇಶವೆಲ್ಲ ಸ್ತಬ್ಧವಾಯಿತು. ಮಹಾರಾಷ್ಟ್ರದಲ್ಲಿ ಸಿಕ್ಕಿಬಿದ್ದ ಈ ಸೀಮೆಯ ಕೂಲಿಕಾರರು ಮೇ ತಿಂಗಳ ಬಿಸಿಲಿನಲ್ಲಿ ಊರಿಗೆ ಮರಳಿದರು. ಮರಳಿದ ಮೇಲೂ ಮನೆಗೆ ಹೋಗಲಾಗದೆ ಶಾಲೆ ವಸತಿಗೃಹಗಳಲ್ಲಿ ದಿನಗಳನ್ನು ಎಣಿಸಿದರು. ೧೯೪೮ರಲ್ಲಿ ಹೋದವರ ಸುದ್ದಿಯೇ ಬರುತ್ತಿರಲಿಲ್ಲ. ೨೦೨೦ರಲ್ಲಿ ಗಳಿಗೆಗೊಮ್ಮೆ ಸುದ್ದಿ ಬರುತ್ತಿದ್ದಿತು, ಮನುಷ್ಯನು ಬರಲಾರದೆ ಇದ್ದನು. ಸಂಪರ್ಕವು ಎಷ್ಟೇ ಶೀಘ್ರವಾದರೂ ಅದು ಮುಟ್ಟುವಿಕೆಗೆ ಬದಲಾಗಲಾರದೆಂಬುದು ಈ ಎರಡು ಬೇಸಿಗೆಗಳನ್ನು ಹೋಲಿಸಿದವರಿಗೆ ಸ್ಪಷ್ಟವಾಗುತ್ತದೆ.

೮

ಕಡೆಯದಾಗಿ ಒಂದು ವಿಜ್ಞಾಪನೆ. ಐವಾನ್-ಎ-ಶಾಹಿಯು ಕಲ್ಲಿನ ಕಟ್ಟಡ. ಅದು ನಿಂತಿದೆ, ಅದನ್ನು ನೋಡಿಕೊಳ್ಳುವ ಇಲಾಖೆಯೂ ಇದೆ. ಗೋಡೆಯ ತಂತಿಗೆ ಚುಚ್ಚಿದ ಕಾರ್ಡುಗಳನ್ನು ನೋಡಿಕೊಳ್ಳುವ ಇಲಾಖೆಯಿಲ್ಲ. ಹಳೆಯ ಮನೆಗಳನ್ನು ಕೆಡವಿ ಕಟ್ಟುವಾಗ ಅವು ಕಸದೊಡನೆ ಹೋಗುತ್ತವೆ. ಹೊಸ ತಲೆಮಾರಿಗೆ ಮೋಡಿಯೂ ಉರ್ದುವೂ ಓದಲು ಬಾರದೆ ಇರುವುದರಿಂದ, ಉಳಿದವೂ ಮೂಕವಾಗುತ್ತಿವೆ. ಕೈಫೋನಿನ ಸಂದೇಶಗಳಾದರೋ ಯಂತ್ರ ಕೆಟ್ಟರೆ ಅದರೊಡನೆಯೇ ಹೋಗುತ್ತವೆ. ಆದುದರಿಂದ ಕಲಬುರಗಿ, ಕಮಲಾಪುರ, ಅಫಜಲಪುರಗಳ ಹಿರಿಯರ ಮನೆಗಳಲ್ಲಿರುವ ೧೯೫೬ಕ್ಕೆ ಹಿಂದಿನ ಕಾಗದಗಳನ್ನು, ಒಡೆಯರ ಅನುಮತಿ ಪಡೆದು, ಪ್ರತಿಮಾಡಿಸಿ ಇಡುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಬರುವ ಬೇಸಿಗೆಯ ರಜೆಯಲ್ಲಿಯೇ ಆರಂಭಿಸುವುದು ಅವಶ್ಯಕ. ಅವರು ಊರಿಗೆ ಹೋಗುವ ಕಾಲವೂ ಅದೇ. ಪ್ರತಿಯೊಬ್ಬರೂ ತಮ್ಮ ಅಜ್ಜಿಯ ಮನೆಯ ಒಂದು ತಂತಿಯನ್ನು ಬಿಚ್ಚಿ ಓದಿ, ಕಾಗದದ ಮೇಲಿನ ಚೀಟಿ ಯಾವ ಸರ್ಕಾರದ್ದು, ವಿಳಾಸ ಯಾವ ಲಿಪಿಯದು, ತಾರೀಖು ಯಾವುದು, ಬರೆದುಕೊಟ್ಟವರು ಯಾರು ಎಂಬ ನಾಲ್ಕು ವಿವರಗಳನ್ನು ಗುರುತುಹಾಕಿಕೊಂಡು ಬಂದರೂ, ಈ ಸೀಮೆಯ ಇತಿಹಾಸಕ್ಕೆ ಈವರೆಗೆ ಇಲ್ಲದ ಒಂದು ಆಧಾರವು ದೊರೆತಂತಾಗುತ್ತದೆ.